ಹೊಸಪೇಟೆಯ ವೈರಿಂಗ್ ಅಂಗಡಿಯಣ್ಣನಿಗೆ

ಹೊಸಪೇಟೆ ಬೈಪಾಸ್ ಪಕ್ಕದ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಅಣ್ಣಾ, ನಿಮಗೆ ಥ್ಯಾಂಕ್ಸ್. ಉರಿಬಿಸಿಲಲ್ಲೂ 100 ವ್ಯಾಟ್ ಸೋಲಾರ್ ಪ್ಯಾನೆಲ್‌ನಿಂದ ಚಾರ್ಜ್ ಏರದೆ ಕಾರಿನ ಫ್ರಿಜ್ ಆಫ್ ಆಗುತ್ತಿತ್ತು. ಒಳಗೆ ಅಮ್ಮನ ಇನ್ಸುಲಿನ್. ನೀವು ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಬಂದಿರಿ.

ಹಲವು ಮಡಚುವ ಪ್ಯಾನೆಲ್‌ಗಳಲ್ಲಿ ಬ್ಯಾಟರಿಗೆ ಹೋಗುವ ಚಾರ್ಜ್ ನಿಯಂತ್ರಿಸುವ ಕಂಟ್ರೋಲರನ್ನು ಬೆನ್ನಿಗೇ ಕೂರಿಸಿರುತ್ತಾರೆ. ಅಲ್ಲಿಂದ ಬ್ಯಾಟರಿಗೆ 10 ಮೀಟರ್, 1.5 ಚದರ ಮಿ.ಮೀ. ವೈರು. 5 ಆಂಪಿಯರ್ ಹರಿದರೆ ಒಂದು ವೋಲ್ಟಿಗೂ ಮಿಕ್ಕಿ ದಾರಿಯಲ್ಲೇ ಹೋಯಿತು. ತನ್ನ ತುದಿಯ ಹೆಚ್ಚಿನ ವೋಲ್ಟೇಜ್ ನೋಡಿ, ಬ್ಯಾಟರಿ ತುಂಬಿತೆಂದುಕೊಂಡು ಕಂಟ್ರೋಲರ್ ಕರೆಂಟ್ ಇಳಿಸುತ್ತದೆ. ನೀವು ಎರಡೂ ತುದಿಗೆ ಮೀಟರ್ ಹಿಡಿದು ತೋರಿಸಿದಿರಿ: ಕಂಟ್ರೋಲರ್ ಕಡೆ 14.4 ವೋಲ್ಟ್, ಬ್ಯಾಟರಿ ಕಡೆ 13.2.

ಕಂಟ್ರೋಲರ್ ಬ್ಯಾಟರಿ ಪಕ್ಕಕ್ಕೆ ಬಂತು. ಪ್ಯಾನೆಲ್‌ನಿಂದ 4 ಚದರ ಮಿ.ಮೀ. ವೈರು, ಬ್ಯಾಟರಿಯ ಪ್ಲಸ್ ಹತ್ತಿರ 15 ಆಂಪಿಯರ್ ಫ್ಯೂಸ್. "ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ಉಲ್ಟಾ" ಅಂತ ಕಂಟ್ರೋಲರ್ ಮೇಲೇ ಮಾರ್ಕರ್‌ನಲ್ಲಿ ಬರೆದಿರಿ. ತಗೊಂಡಿದ್ದು ವೈರು, ಫ್ಯೂಸಿನ ದುಡ್ಡಷ್ಟೇ.