ಹಳೆಯ ಡಬ್ಬಗಳನ್ನು ಇನ್ನು ಮುಂದೆ ತೆರೆದೇ ಮಾರುತ್ತೇವೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ಸೀಲ್ ಒಡೆಯದ ಹಳೆಯ ಆಟಿಕೆ ಡಬ್ಬಗಳು ಸಿಗುವುದಿಲ್ಲ. ರಾಕೆಟ್ಟಿನ ಮಾಡೆಲ್ ಕಿಟ್ ಇರಲಿ, ತಗಡಿನ ರೋಬೋ ಇರಲಿ, ಬಾಹ್ಯಾಕಾಶದ ಬೋರ್ಡ್ ಗೇಮ್ ಇರಲಿ, ಮಾರುವ ಮುಂಚೆ ನಾವೇ ಹೊದಿಕೆ ಕತ್ತರಿಸುತ್ತೇವೆ. ಒಳಗಿರುವುದನ್ನೆಲ್ಲ ಮೇಜಿನ ಮೇಲೆ ಹರಡಿ, ಎಣಿಸಿ, ಫೋಟೋ ತೆಗೆದು, ಏನಿದೆ ಏನಿಲ್ಲ ಎಂದು ಬರೆದು ಕೊಡುತ್ತೇವೆ. ಸೀಲ್ ಇದೆ ಎಂಬ ಒಂದೇ ಕಾರಣಕ್ಕೆ ಇಷ್ಟು ದಿನ ಹಾಕುತ್ತಿದ್ದ ಹೆಚ್ಚಿನ ಬೆಲೆಯನ್ನೂ ಕೈಬಿಡುತ್ತಿದ್ದೇವೆ.

ಓದುತ್ತಿದ್ದಂತೆ ನಿಮ್ಮಲ್ಲಿ ಕೆಲವರ ಎದೆ ಧಸಕ್ ಎಂದಿರುತ್ತದೆ. ಗೊತ್ತು. ಈ ನಿರ್ಧಾರಕ್ಕೆ ಬರುವಾಗ ನಮ್ಮಲ್ಲೇ ಎರಡು ಪಕ್ಷವಾಗಿ ವಾರಗಟ್ಟಲೆ ಜಗಳವಾಯಿತು. ಕೊನೆಗೆ ಜಗಳ ಮುಗಿಸಿದ್ದು ನಮ್ಮದೇ ಒಂದು ತಪ್ಪು. ಅದನ್ನು ಮುಚ್ಚಿಟ್ಟುಕೊಂಡು ಈ ಪತ್ರ ಬರೆಯುವುದರಲ್ಲಿ ಅರ್ಥವಿಲ್ಲ.

ನಮ್ಮ ಹಳೆಯ ಗ್ರಾಹಕರೊಬ್ಬರು ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ 5 ರಾಕೆಟ್ಟಿನ 1/96 ಅಳತೆಯ ಕಿಟ್ ಒಂದನ್ನು ಕೊಂಡಿದ್ದರು. ರೆವೆಲ್ ಕಂಪನಿ 1969ರಲ್ಲಿ ಹೊರತಂದ ಕಿಟ್ ಅದು. ನಿಜವಾದ ರಾಕೆಟ್ ಸುಮಾರು 110 ಮೀಟರ್ ಎತ್ತರವಿತ್ತು, ಈ ಕಿಟ್ ಜೋಡಿಸಿ ನಿಲ್ಲಿಸಿದರೆ ಸುಮಾರು 115 ಸೆಂಟಿಮೀಟರ್, ಅಂದರೆ ಐದಾರು ವರ್ಷದ ಮಗುವಿನಷ್ಟು. ಎರಡು ವರ್ಷ ಬೀರುವಿನ ಮೇಲಿಟ್ಟಿದ್ದು, ಒಂದು ರಜಾದಿನ ಮಗಳನ್ನು ಕೂರಿಸಿಕೊಂಡು ತೆರೆದರಂತೆ. ಎರಡನೇ ಹಂತದ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು ಎರಡೆರಡು ಸಲ ಇತ್ತು. ಮೊದಲ ಹಂತದ ಐದು ಎಫ್-1 ಎಂಜಿನ್‌ಗಳ ಚೌಕಟ್ಟು ಒಂದೂ ಇರಲಿಲ್ಲ. ಯಾರೋ ಎರಡು ಅರೆಬರೆ ಕಿಟ್‌ಗಳನ್ನು ಒಂದು ಡಬ್ಬಕ್ಕೆ ತುಂಬಿ, ಹೊಸ ಪ್ಲಾಸ್ಟಿಕ್ ಸುತ್ತಿ, ಬಿಸಿಗಾಳಿ ಊದಿ ಬಿಗಿ ಮಾಡಿದ್ದರು. ಬಿಸಿಗಾಳಿ ಊದುವ ಆ ಯಂತ್ರ ಈಗ ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದಷ್ಟು ಸಾಮಾನ್ಯ. ನಮಗೆ ಮಾರಿದವರು ಯಾರೆಂಬುದು ಇಲ್ಲಿ ಬೇಡ. ಡಬ್ಬದ ಮೇಲೆ ‘ಫ್ಯಾಕ್ಟರಿ ಸೀಲ್’ ಎಂದು ಬರೆದಿದ್ದ ಚೀಟಿ ಮಾತ್ರ ನಮ್ಮ ಕೈಬರಹದ್ದೇ.

ಅವರು ಫೋನಿನಲ್ಲಿ ಕೂಗಾಡಲಿಲ್ಲ. “ನೀವು ಒಳಗೆ ನೋಡಿದ್ರಾ?” ಎಂದು ಮಾತ್ರ ಕೇಳಿದರು. ನೋಡಿರಲಿಲ್ಲ. ನೋಡದ ವಸ್ತುವಿಗೆ ನೋಡಿದ್ದಕ್ಕಿಂತ ಹೆಚ್ಚು ದುಡ್ಡು ತೆಗೆದುಕೊಂಡಿದ್ದೆವು. ಹಣ ವಾಪಸ್ ಕೊಟ್ಟೆವು, ಅದು ದೊಡ್ಡ ಮಾತಲ್ಲ. ಆಮೇಲೆ ನಮ್ಮ ಕಪಾಟಿನಲ್ಲಿದ್ದ ಸೀಲ್ ಡಬ್ಬಗಳ ಮುಂದೆ ನಿಂತರೆ ಒಂದರ ಬಗ್ಗೆಯೂ ಎದೆ ತಟ್ಟಿ ಹೇಳುವ ಧೈರ್ಯ ಇರಲಿಲ್ಲ. ಸೀಲಿನ ಅಂಚು, ಜೋಡಣೆಯ ಗೆರೆ, ಗಾಳಿ ಹೋಗಲು ಬಿಟ್ಟ ತೂತು ನೋಡಿ ಅಸಲಿ ನಕಲಿ ಹೇಳುತ್ತೇವೆ ಎನ್ನುವವರು ಇದ್ದಾರೆ. ಕೆಲವು ಸಲ ಹೇಳಬಹುದು. ‘ಕೆಲವು ಸಲ’ವನ್ನು ಚೀಟಿಯ ಮೇಲೆ ಬರೆದು ಮಾರಲಾಗುವುದಿಲ್ಲವಲ್ಲ.

ಮೋಸವೇ ಇಲ್ಲ ಎಂದಿಟ್ಟುಕೊಳ್ಳಿ, ಸೀಲ್ ಅಸಲಿಯೇ. ಆದರೂ ಡಬ್ಬದೊಳಗೆ ಕಾಲ ನಿಂತಿರುವುದಿಲ್ಲ. ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ, ಗುರುತುಗಳ ಡೆಕಾಲ್ ಹಾಳೆ ಹಳದಿಗಟ್ಟುತ್ತದೆ, ಬಿರುಕು ಬಿಡುತ್ತದೆ. ಬರೀ ಹಳದಿಯಾಗಿದ್ದರೆ ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಎಷ್ಟೋ ತಿಳಿಯಾಗುತ್ತದೆ. ಬಿರುಕು ಬಿಟ್ಟಿದ್ದರೆ ನೀರಿಗೆ ಹಾಕುವ ಮುಂಚೆ ಮೇಲೊಂದು ಪದರ ಪಾರದರ್ಶಕ ಲ್ಯಾಕರ್ ಊದಬೇಕು, ಇಲ್ಲದಿದ್ದರೆ ಅಕ್ಷರಗಳು ಚೂರುಚೂರಾಗಿ ಬಟ್ಟಲಿನಲ್ಲಿ ತೇಲುತ್ತವೆ. ಇನ್ನೊಂದು ಕಾಟ ಮೆತ್ತನೆಯ ವಿನೈಲ್ ತುಂಡುಗಳದ್ದು. ವಿನೈಲನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ ಹೊರಕ್ಕೆ ಜಿನುಗುತ್ತದೆ, ತಾಗಿಕೊಂಡಿರುವ ಗಟ್ಟಿ ಪಾಲಿಸ್ಟೈರೀನ್ ಭಾಗವನ್ನು ಕರಗಿಸುತ್ತದೆ. ಯಾರೂ ಕೈ ಹಚ್ಚದ ಡಬ್ಬದಲ್ಲಿ ಎರಡು ಭಾಗಗಳು ಪರಸ್ಪರ ಕಚ್ಚಿಕೊಂಡು ಕೂತಿರುವುದನ್ನು ನಾವು ಕಂಡಿದ್ದೇವೆ. ಹತ್ತು ವರ್ಷ ಮೊದಲೇ ಯಾರಾದರೂ ಡಬ್ಬ ತೆರೆದು ಅವೆರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿದ್ದರೆ ಉಳಿಯುತ್ತಿದ್ದವು.

ಕಂಪ್ಯೂಟರ್ ಆಟಗಳ ಕಥೆ ಬೇರೆ. ಅಲ್ಲಿ ಒಂದು ಚಿಕ್ಕ ತುಂಡು ಹೋದರೂ ಇಡೀ ಡಬ್ಬ ಮೂಕ. ಬಾಹ್ಯಾಕಾಶದಲ್ಲಿ ವ್ಯಾಪಾರ ಮಾಡುತ್ತಾ ಹೋರಾಡುವ ‘ಎಲೀಟ್’ ಆಟದ, ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಮನೆ ಕಂಪ್ಯೂಟರಿನ ಆವೃತ್ತಿ ಗೊತ್ತಿದ್ದವರಿಗೆ ಲೆನ್ಸ್‌ಲಾಕ್ ನೆನಪಿರಬೇಕು. ಮಡಚುವ ಪುಟ್ಟ ಪ್ಲಾಸ್ಟಿಕ್ ಮಸೂರ. ಆಟ ಶುರುವಾಗುವಾಗ ಪರದೆಯ ಮೇಲೆ ಕಲಸಿದಂತೆ ಕಾಣುವ ಅಕ್ಷರಗಳನ್ನು ಅದರ ಮೂಲಕವೇ ಓದಬೇಕು. ಒಂದು ಆಟದ ಮಸೂರ ಇನ್ನೊಂದಕ್ಕೆ ಆಗುವುದಿಲ್ಲ. ಕ್ಯಾಸೆಟ್ ಹೊಸದರಂತಿದ್ದು ಮಸೂರ ಇಲ್ಲದಿದ್ದರೆ ಕೊಂಡವರು ಅದರ ಡಬ್ಬ ನೋಡುತ್ತಾ ಕೂರಬೇಕು ಅಷ್ಟೇ.

ನಮ್ಮಲ್ಲಿ ಸೀಲ್ ಪಕ್ಷದವರು ಕೊನೆಯವರೆಗೂ ಹಿಡಿದ ವಾದ ಒಂದೇ. ಒಡೆದರೆ ಬೆಲೆ ಹೋಗುತ್ತದೆ. ನಿಜ, ಹೋಗುತ್ತದೆ. ಆದರೆ ಒಡೆಯದಿದ್ದರೂ ಅದು ನಮ್ಮ ಕೈಯಲ್ಲಿಲ್ಲ. ಲೆಗೋ 2017ರಲ್ಲಿ ಸ್ಯಾಟರ್ನ್ 5 ಸೆಟ್ ತಂದಿತು. ಚಂದ್ರನ ಮೇಲೆ ಇಳಿದ ವರ್ಷಕ್ಕೆ ಸರಿಯಾಗಿ 1969 ತುಂಡುಗಳು, ಒಂದು ಮೀಟರ್ ಎತ್ತರ. ಉತ್ಪಾದನೆ ನಿಂತಾಗ ಇನ್ನು ಸಿಗುವುದಿಲ್ಲ ಎಂದು ಎರಡೆರಡು ಡಬ್ಬ ಅಟ್ಟಕ್ಕೇರಿಸಿದವರು ನಿಮ್ಮಲ್ಲೂ ಇದ್ದೀರಿ. 2020ರಲ್ಲಿ ಅದೇ ಸೆಟ್ ಬೇರೆ ಸಂಖ್ಯೆ ಹೊತ್ತು ಮತ್ತೆ ಬಂತು. ರೆವೆಲ್ ಕೂಡ ಮನುಷ್ಯ ಚಂದ್ರನ ಮೇಲೆ ಇಳಿದ ಐವತ್ತನೇ ವರ್ಷಕ್ಕೆ, 2019ರಲ್ಲಿ, ಆ 1/96 ಕಿಟ್ಟನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಅಚ್ಚು ಕಂಪನಿಯ ಗೋದಾಮಿನಲ್ಲಿರುವವರೆಗೆ ನಮ್ಮ ನಿಮ್ಮ ಸೀಲಿನ ಬೆಲೆ ಅವರ ಮರ್ಜಿ. ಬರೀ ಜೋಡಿಸುವ ಆಸೆ ಇದ್ದವರಿಗೆ ನಾವು ಹೊಸ ಮುದ್ರಣವನ್ನೇ ತೆಗೆದುಕೊಳ್ಳಿ ಎನ್ನುತ್ತೇವೆ, ಡೆಕಾಲ್ ತಾಜಾ ಇರುತ್ತದೆ.

ಹಾಗಾದರೆ 1969ರ ಡಬ್ಬ ಯಾರಿಗೆ, ಯಾಕೆ? ಒಳಗಿರುವ ಕಾಗದಕ್ಕಾಗಿ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಸ್ವಲ್ಪ ಜಾಗ ತೆಗೆದುಕೊಳ್ಳುತ್ತೇವೆ, ಕ್ಷಮಿಸಿ.

ಆ ಕಾಲದ ಸ್ಯಾಟರ್ನ್ 5 ಕಿಟ್‌ಗಳ ಬಣ್ಣದ ಸೂಚನೆ ತೆಗೆದು, ಅಪೊಲೊ 11 ಹಾರಿದ ದಿನದ ಚಿತ್ರದ ಪಕ್ಕಕ್ಕಿಡಿ. ಮೊದಲ ಹಂತದಲ್ಲಿ ಎರಡು ಟ್ಯಾಂಕುಗಳ ನಡುವಿನ ಭಾಗದಲ್ಲಿ ಕಿಟ್ ಕಪ್ಪು ಬಣ್ಣ ಬಳಿಯಲು ಹೇಳುತ್ತದೆ. ಹಾರಿದ ರಾಕೆಟ್ಟಿನಲ್ಲಿ ಅಲ್ಲಿ ಬಿಳಿ. ಕಿಟ್ ಮಾಡಿದವರಿಗೆ ಕಣ್ಣಿರಲಿಲ್ಲವೆಂದಲ್ಲ. ಅವರು ನೋಡಿ ಮಾಡಿದ್ದು 500ಎಫ್ ಎಂಬ ರಾಕೆಟ್ಟನ್ನು. 1966ರಲ್ಲಿ ಉಡಾವಣಾ ಕಟ್ಟೆಗೆ ಎಲ್ಲ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಲು ನಿಲ್ಲಿಸಿದ ರಾಕೆಟ್ ಅದು, ಹಾರಲೇ ಇಲ್ಲ. ಬಿಸಿಲಿಗೆ ಆ ಕಪ್ಪು ಪಟ್ಟಿ ಕಾದು ಒಳಭಾಗ ತೀರಾ ಬಿಸಿಯಾಯಿತು. ಹಾಗಾಗಿ ಹಾರುವ ರಾಕೆಟ್‌ಗಳಲ್ಲಿ ಅಲ್ಲಿ ಬಿಳಿ ಬಳಿದರು. ಅಷ್ಟರಲ್ಲಿ 500ಎಫ್ ಚಿತ್ರಗಳು ಕಿಟ್ ಕಂಪನಿಗಳ ಮೇಜು ಸೇರಿದ್ದವು. ಆ ‘ತಪ್ಪು’ ಬಣ್ಣದ ಹಾಳೆ ಇದೆಯೇ, ಯಾವ ಮುದ್ರಣದ್ದು, ಮಡಿಕೆಯಲ್ಲಿ ಹರಿದಿದೆಯೇ ಎಂಬುದು ಒಬ್ಬ ನಿಜವಾದ ಸಂಗ್ರಾಹಕನಿಗೆ ಬೇಕಾದ ಸುದ್ದಿ. ಸೀಲ್ ಅದನ್ನೇ ಮುಚ್ಚಿಡುತ್ತದೆ.

ಮನುಷ್ಯನನ್ನು ಮೊದಲ ಸಲ ಬಾಹ್ಯಾಕಾಶಕ್ಕೆ ಒಯ್ದ ವೊಸ್ತೋಕ್‌ನ ಆಟಿಕೆಗಳೂ ಹೀಗೆಯೇ. ಗಗಾರಿನ್ 1961ರ ಏಪ್ರಿಲ್ 12ರಂದು ಹಾರಿದರೂ ಅವರನ್ನು ಹೊತ್ತ ರಾಕೆಟ್ ಹೇಗಿತ್ತೆಂದು ಸೋವಿಯತ್ ದೇಶ ಹೊರಜಗತ್ತಿಗೆ ತೋರಿಸಿದ್ದು 1967ರ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ. ನಡುವಿನ ಆರು ವರ್ಷ ಆಟಿಕೆ ಮಾಡುವವರು ತಮ್ಮ ತಮ್ಮ ಊಹೆಗೆ ರೆಕ್ಕೆ ಹಚ್ಚಿದರು. ನಮಗಂತೂ ಸರಿಯಾದ ವೊಸ್ತೋಕ್‌ಗಿಂತ ಆ ಊಹೆಯ ವೊಸ್ತೋಕ್‌ಗಳ ಮೇಲೇ ಪ್ರೀತಿ ಜಾಸ್ತಿ.

ಇನ್ನು ವ್ಯವಹಾರದ ಮಾತು. ಹೊದಿಕೆಯನ್ನು ಡಬ್ಬದ ತಳಭಾಗದಲ್ಲಿ ಕತ್ತರಿಸುತ್ತೇವೆ, ಹಳೆಯ ಅಂಗಡಿಯ ಬೆಲೆಚೀಟಿ ಅಂಟಿದ್ದರೆ ಆ ತುಂಡನ್ನು ಎತ್ತಿಟ್ಟು ಡಬ್ಬದ ಜೊತೆಗೇ ಕೊಡುತ್ತೇವೆ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಬಿಡಿಸುವುದಿಲ್ಲ. ಉದುರಿಬಿದ್ದವನ್ನು ಸೂಚನಾ ಹಾಳೆಯ ಸಂಖ್ಯೆಗೆ ತಾಳೆ ಹಾಕಿ ಚೀಲಕ್ಕೆ ಹಾಕುತ್ತೇವೆ. ಮಾಡೆಲನ್ನೇನೂ ನಾವು ಪಾಲಿಷ್ ಮಾಡುವುದಿಲ್ಲ, ಹಳದಿಯಾದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವುದೂ ಇಲ್ಲ. ಅದು ಕೊಂಡವರ ಇಷ್ಟ. ಮ್ಯಾಟೆಲ್ ಕಂಪನಿಯ ಮೇಜರ್ ಮ್ಯಾಟ್ ಮೇಸನ್ ಎಂಬ ಗಗನಯಾತ್ರಿ ಗೊಂಬೆಗಳ ಕೈಕಾಲು ಬಗ್ಗಿಸಿ ತೋರಿಸಿ ಎಂದು ಮಾತ್ರ ಕೇಳಬೇಡಿ. 1966ರ ಆ ರಬ್ಬರಿನೊಳಗೆ ತಂತಿ ಇದೆ. ಮೊಣಕಾಲಲ್ಲಿ ಅದು ತುಂಡಾಗಿದೆಯೇ ಎಂದು ಪರೀಕ್ಷಿಸಲು ಹೋಗಿಯೇ ತುಂಡಾದ ತಂತಿಗಳಿಗೆ ಲೆಕ್ಕವಿಲ್ಲ.

ಎರಡು ಬಗೆಯ ಸರಕಿಗೆ ಈ ನಿಯಮ ಇಲ್ಲ. ರಟ್ಟಿನ ಮೇಲೆ ಪಾರದರ್ಶಕ ಗುಳ್ಳೆಯೊಳಗೆ ಅಂಟಿಸಿ ಬಂದ ಗೊಂಬೆಗಳನ್ನು ಕತ್ತರಿಸುವುದಿಲ್ಲ. ಹೊರಗಿನಿಂದಲೇ ಕಾಣುತ್ತವೆ, ತೆರೆದರೆ ರಟ್ಟು ಹಾಳು. ಈಗಲೂ ತಯಾರಾಗುತ್ತಿರುವ ಹೊಸ ಸರಕನ್ನೂ ಮುಟ್ಟುವುದಿಲ್ಲ, ಅದಕ್ಕೆ ತಯಾರಕರೇ ಜವಾಬು.

ಮಾರಿಕೊಡಿ ಎಂದು ನಮ್ಮಲ್ಲಿ ಡಬ್ಬ ಬಿಟ್ಟಿರುವವರು ಈ ತಿಂಗಳ ಕೊನೆಯೊಳಗೆ ತಿಳಿಸಿ. ನೀವು ಒಪ್ಪದೆ ಒಂದು ಡಬ್ಬವನ್ನೂ ತೆರೆಯುವುದಿಲ್ಲ. ಬೇಡವೆನ್ನುವವರು ಬಂದು ಒಯ್ಯಬಹುದು, ಇಟ್ಟುಕೊಂಡಿದ್ದಕ್ಕೆ ಏನೂ ಕೊಡಬೇಕಿಲ್ಲ. ಒಪ್ಪಿದರೆ, ಒಳಗೆ ಕೊರತೆ ಕಂಡಷ್ಟು ಬೆಲೆ ಇಳಿಯುತ್ತದೆ ಎಂಬುದು ಮೊದಲೇ ತಿಳಿದಿರಲಿ. ಆಮೇಲೆ ಮುನಿಸು ಬೇಡ.

ಹಿಂದೆ ನಮ್ಮಿಂದ ಸೀಲ್ ಡಬ್ಬ ಕೊಂಡವರು, ಎಷ್ಟು ವರ್ಷವಾಗಿದ್ದರೂ ಸರಿ, ತಂದರೆ ನಿಮ್ಮೆದುರೇ ತೆರೆಯುತ್ತೇವೆ. ಭಾಗ ಕಡಿಮೆ ಇದ್ದರೆ, ಮತ್ತೆ ಸುತ್ತಿದ ಡಬ್ಬವೆಂದು ತಿಳಿದರೆ, ಕೊಟ್ಟ ಹಣ ಪೂರ್ತಿ ವಾಪಸ್. ಡೆಕಾಲ್ ಹಳದಿಯಾಗಿದೆ ಎಂದರೆ ಮಾತ್ರ ಕೊಡಲಾರೆವು. ಅದಕ್ಕೂ ವಯಸ್ಸಾಗಿದೆ, ನಮಗೂ ಆಗಿದೆ.

ಕೊನೆಯದಾಗಿ, ಜಪಾನಿನಲ್ಲಿ ಮಾಡಿದ ಆ ಬ್ಯಾಟರಿ ರೋಬೋವನ್ನು ಸೀಲ್ ಸಮೇತ ಕಾದಿರಿಸಿದ್ದವರಿಗೆ ಒಂದು ಮಾತು. ಇಂಥ ಆಟಿಕೆಗಳನ್ನು ಸಾಮಾನ್ಯವಾಗಿ ಬ್ಯಾಟರಿ ಇಲ್ಲದೆ ಮಾರುತ್ತಿದ್ದರು. ನಿಮ್ಮ ಡಬ್ಬವನ್ನು ಮೊನ್ನೆ ತಕ್ಕಡಿಗಿಟ್ಟೆವು. ನಮ್ಮಲ್ಲಿರುವ ಅದೇ ರೋಬೋದ ತೆರೆದ ಡಬ್ಬಕ್ಕಿಂತ ಸುಮಾರು 200 ಗ್ರಾಂ ಹೆಚ್ಚು ತೂಗುತ್ತಿದೆ, ಎರಡು ದೊಡ್ಡ ಬ್ಯಾಟರಿಗಳಷ್ಟು. ಅವು ಒಳಗೇ ಇದ್ದರೆ ತಾಮ್ರದ ಪಟ್ಟಿಗೆ ಆಗಲೇ ಹಸಿರು ಕಿಲುಬು ಹತ್ತಿರುತ್ತದೆ, ದಿನ ಕಳೆದಷ್ಟೂ ತಗಡಿಗೂ ಹರಡುತ್ತದೆ. ತಿಂಗಳ ಕೊನೆಯವರೆಗೆ ಕಾಯದೆ, ತೆರೆಯಲು ಒಪ್ಪಿಗೆ ಇದೆಯೇ ಎಂದು ಈ ವಾರವೇ ತಿಳಿಸಿ.

ಇಂತಿ,
ನಿಮ್ಮ ಅಂಗಡಿಯವರು