ನಮ್ಮ ಪಲ್ಟನ್ನಿನ ಧರ್ಮಗುರುಗಳಿಗೆ

ಹೋದ ತಿಂಗಳು ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದೆ. ಊರವರು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ಶಾಲು ಹೊದಿಸಿ, ಕೈಗೆ ಮೈಕ್ ಕೊಟ್ಟರು. ಅಪ್ಪ, ಹೆಂಡತಿ, ಗೆಳೆಯರು, ಅಧಿಕಾರಿಗಳು, ಎಲ್ಲರನ್ನೂ ನೆನೆದೆ. ಇನ್ನೊಂದು ಋಣ ಉಳಿದಿದೆ. ಅದನ್ನು ಹೇಳೋಕೆ ಎರಡು ನಿಮಿಷದ ಭಾಷಣ ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸೇನೆಯಲ್ಲಿ ಧರ್ಮಗುರು ಅಂತ ಒಂದು ಹುದ್ದೆ ಇದೆ. ಪಂಡಿತ್, ಮೌಲ್ವಿ, ಸಿಖ್ಖರ ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು, ಹೀಗೆ ಬೇರೆ ಬೇರೆ ಧರ್ಮದವರು. ಸೇರುವಾಗಲೇ ನಾಯಬ್ ಸುಬೇದಾರ್ ರ‍್ಯಾಂಕ್. ಅಮೆರಿಕ, ಬ್ರಿಟನ್ ಸೇನೆಗಳಲ್ಲಿ ಇದೇ ಕೆಲಸ ಮಾಡುವ ಚಾಪ್ಲೆನ್‌ಗಳು ಕಮಿಷನ್ ಪಡೆದ ಅಧಿಕಾರಿಗಳು. ನಮ್ಮಲ್ಲಿ ಜೆಸಿಒ, ಅಂದರೆ ಜವಾನನಿಗೂ ಅಧಿಕಾರಿಗೂ ನಡುವೆ ಇರುವವರು. ನನಗೇನೋ ಇದೇ ಸರಿ ಅನ್ನಿಸುತ್ತದೆ. ಸಾಹೇಬರ ಮುಂದೆ ಸಾವಧಾನ್‌ನಲ್ಲಿ ನಿಂತು ಮನೆ ಜಗಳ ಹೇಳೋಕೆ ಆಗುತ್ತಾ? ಪಂಡಿತ್‌ಜಿ ಪಕ್ಕ ಕೂತು ಚಹಾ ಕುಡಿಯುತ್ತಾ ಹೇಳಬಹುದು.

ಧರ್ಮಗುರುಗಳನ್ನು ಮೊದಲು ನೋಡಿದ್ದು ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ, ಕಸಮ್ ಪರೇಡ್ ದಿನ. ಟ್ರೇನಿಂಗ್ ಮುಗಿಸಿದ ಹುಡುಗರು ತಮ್ಮ ತಮ್ಮ ಧರ್ಮಗ್ರಂಥ ಮುಟ್ಟಿ ಪ್ರತಿಜ್ಞೆ ಮಾಡುತ್ತಾರೆ, ಗ್ರಂಥದ ಜೊತೆ ಧರ್ಮಗುರು ನಿಂತಿರುತ್ತಾರೆ. ಅವತ್ತು ನನಗೆ ಬೂಟಿನ ಪಾಲಿಶ್ ಬಗ್ಗೆ ಇದ್ದ ಚಿಂತೆ ದೇವರ ಬಗ್ಗೆ ಇರಲಿಲ್ಲ. ಇವರೂ ಪೂಜಾರಿಗಳೇ, ಆರತಿ ಮಾಡಿ ಪ್ರಸಾದ ಕೊಡುತ್ತಾರೆ ಅಷ್ಟೇ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅಷ್ಟಕ್ಕೇ ನಿಲ್ಲಿಸಿದವರನ್ನೂ ನೋಡಿದ್ದೇನೆ. ಈ ಬರಹ ಅವರಿಗಲ್ಲ.

ನಮ್ಮವ್ವ ತೀರಿಕೊಂಡಾಗ ನಾನು ಲಡಾಖ್‌ನಲ್ಲಿದ್ದೆ. ಚಳಿಗಾಲ, ಜೋಜಿ ಲಾ ಕಣಿವೆಯ ರಸ್ತೆ ಮುಚ್ಚಿತ್ತು. ರಜೆ ತಕ್ಷಣ ಮಂಜೂರಾಯಿತು, ಆದರೆ ಹವಾಮಾನ ಕೆಟ್ಟು ವಿಮಾನ ಹಾರಲಿಲ್ಲ. ಊರಲ್ಲಿ ಮಣ್ಣು ಮಾಡಿದರು. ತಮ್ಮ ಫೋನ್ ಮಾಡಿ ಹೇಳಿದಾಗ ಸುಮ್ನೆ ಹೂಂ ಅಂದೆ.

ಸಂಜೆ ಪಂಡಿತ್‌ಜಿ ನಮ್ಮ ಬಂಕರ್‌ಗೆ ಬಂದರು. ಉತ್ತರ ಪ್ರದೇಶದವರು, ಸಂಸ್ಕೃತ ಓದಿದವರು. ತರ್ಪಣ ಬಿಡೋಣ ಅಂತ ತಾಮ್ರದ ಚೊಂಬು, ಎಳ್ಳು ತಂದಿದ್ದರು. ನಾನು ಕೊರಳಲ್ಲಿದ್ದ ಲಿಂಗ ತೋರಿಸಿ, ನಮ್ಮಲ್ಲಿ ತರ್ಪಣ, ಪಿಂಡ ಇಲ್ಲ ಅಂದೆ. ಅವರು ಚೊಂಬು ಪಕ್ಕಕ್ಕಿಟ್ಟರು. "ಹಾಗಾದರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ? ನನಗೆ ಗೊತ್ತಿಲ್ಲ ಬೇಟಾ, ನೀನೇ ಹೇಳು" ಅಂದರು.

ಹೇಳಿದೆ. ಅಯ್ಯನೋರು ಬರುವುದು, ವಿಭೂತಿ ಹಚ್ಚುವುದು, ಕೂರಿಸಿ ಸಮಾಧಿ ಮಾಡುವುದು, ರಾತ್ರಿಯೆಲ್ಲ ಭಜನೆ. ಹೇಳುತ್ತಾ ಹೇಳುತ್ತಾ ಅವ್ವನ ವಿಷಯ ಬಂತು. ರೊಟ್ಟಿ ಬಡಿಯುತ್ತಾ ಅವ್ವ ವಚನ ಹಾಡುತ್ತಿದ್ದುದು ಬಂತು. ಆಗ ಅಳು ಬಂತು. ಅವರು ಆತ್ಮ ಅಮರ ಅಂತೆಲ್ಲ ಉಪದೇಶ ಮಾಡಲಿಲ್ಲ. ಎದ್ದು ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಒಳಗೆ ಒಣಗಿದ ಬಿಲ್ವಪತ್ರೆ! ಶಿವರಾತ್ರಿಗೆ ಬೇಕಾಗುತ್ತದೆ ಅಂತ ಕೆಳಗಿನಿಂದ ತರಿಸಿ ಇಟ್ಟಿದ್ದರಂತೆ. ಹುಲ್ಲುಕಡ್ಡಿಯೂ ಬೆಳೆಯದ ಜಾಗ ಅದು. ಮುಟ್ಟಿದರೆ ಪುಡಿಯಾಗುತ್ತಿದ್ದ ಆ ಎಲೆ ಇಟ್ಟು ನಾನು ಲಿಂಗಪೂಜೆ ಮಾಡಿದೆ. ಅವರು ಬುಖಾರಿ ಒಲೆಯ ಪಕ್ಕ ಕೂತಿದ್ದರು. ಆಮೇಲೆ ಅವ್ವನ ವಚನ ಹಾಡು ಅಂದರು. ಒಂದು ಪದವೂ ಅರ್ಥವಾಗದಿದ್ದರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಊರಲ್ಲಿ ಅವ್ವನ ಶಿವಗಣಾರಾಧನೆ ಇದ್ದ ದಿನ ಅವರೇ ಅಡುಗೆಮನೆಯ ಲಂಗರ್‌ನವರಿಗೆ ಹೇಳಿ ರವೆ ಹಲ್ವಾ ಮಾಡಿಸಿದರು. ನಮ್ಮ ಸಜ್ಜಕ ಇದ್ದ ಹಾಗೇ ಇತ್ತು, ತುಪ್ಪ ಸ್ವಲ್ಪ ಜಾಸ್ತಿ. ಇಡೀ ಕಂಪನಿ ಅವ್ವನ ಹೆಸರಲ್ಲಿ ಊಟ ಮಾಡಿತು.

ಇನ್ನೊಂದು ಘಟಕದಲ್ಲಿ ಒಬ್ಬ ಮೌಲ್ವಿ ಸಾಹೇಬ್ ಇದ್ದರು. ಶಿಕ್ಷೆಯಲ್ಲಿರುವ ಸೈನಿಕರನ್ನು ಹೋಗಿ ಕಾಣುವುದೂ ಧರ್ಮಗುರುಗಳ ಕೆಲಸವೇ. ರಜೆ ಮುಗಿದರೂ ಬಾರದೆ ಸಿಕ್ಕಿಬಿದ್ದ ಆಂಧ್ರದ ಹುಡುಗನೊಬ್ಬ ಕ್ವಾರ್ಟರ್ ಗಾರ್ಡ್‌ನಲ್ಲಿ ಬಂದಿಯಾಗಿದ್ದ. ಹಿಂದೂ ಹುಡುಗ. ಮೌಲ್ವಿ ಸಾಹೇಬ್ ದಿನಾ ಸಂಜೆಯ ಮಗ್ರಿಬ್ ನಮಾಜ್ ಮುಗಿಸಿ ಅವನ ಹತ್ತಿರ ಹೋಗಿ ಕೂರುತ್ತಿದ್ದರು. ತಂಗಿ ಮದುವೆಯ ಸಾಲ ಅಂತ ಅವನು ಬಾಯಿಬಿಟ್ಟಿದ್ದು ಅವರ ಮುಂದೆಯೇ. ಅವರು ಅದನ್ನು ತಾವೇ ಹೋಗಿ ಮೇಲಿನವರ ಕಿವಿಗೆ ಹಾಕಲಿಲ್ಲ. ಅವನಿಂದಲೇ ಅರ್ಜಿ ಬರೆಸಿದರು. ನಾನು ಅವತ್ತು ಗಾರ್ಡ್ ಡ್ಯೂಟಿಯಲ್ಲಿದ್ದೆ, ಕಣ್ಣಾರೆ ನೋಡಿದ್ದು.

ಕಾಲು ಮುರಿದು ಸೇನಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ವಾರ್ಡಿಗೆ ಬರುತ್ತಿದ್ದ ಪಾದ್ರಿ ಸಾಹೇಬರಿಗೂ ಧನ್ಯವಾದ. ಬೈಬಲ್ ಕೇಳಿದವರಿಗೆ ಬೈಬಲ್ ಓದುತ್ತಿದ್ದರು, ನನ್ನಂಥವರ ಜೊತೆ ಕ್ರಿಕೆಟ್ ಮಾತಾಡುತ್ತಿದ್ದರು. ದ್ರಾವಿಡ್ ಆಟ ಬೋರ್ ಅನ್ನುತ್ತಿದ್ದರು. ಅದೊಂದನ್ನು ನಾನು ಒಪ್ಪಿಲ್ಲ, ಈಗಲೂ ಒಪ್ಪಲ್ಲ.

ದಂಡಿನಲ್ಲಿ ಮಾತ್ರ ಅಂತ ಅಲ್ಲ, ಆಸ್ಪತ್ರೆ, ಜೈಲು, ಹಾಸ್ಟೆಲ್, ಎಲ್ಲೆಲ್ಲಿ ಮನೆಯಿಂದ ದೂರ ಜನ ಇರುತ್ತಾರೋ ಅಲ್ಲೆಲ್ಲ ಹೀಗೊಬ್ಬರು ಇರಬೇಕು ಅನ್ನಿಸುತ್ತದೆ. ನಮ್ಮ ತಾಲೂಕು ಆಸ್ಪತ್ರೆಯ ಐಸಿಯು ಹೊರಗೆ ಬೆಂಚಿನ ಮೇಲೆ ಕೂತವರನ್ನು ಯಾರು ಮಾತಾಡಿಸುತ್ತಾರೆ ಹೇಳಿ? ಬಿಲ್ ಕಟ್ಟಿದಿರಾ ಅಂತ ಕೇಳೋರು ಮಾತ್ರ.

ಸಂಸ್ಕೃತದಲ್ಲಿ ಶಾಸ್ತ್ರಿ, ಆಚಾರ್ಯ ಮಾಡಿಕೊಂಡ ಹುಡುಗರು ಊರಲ್ಲಿದ್ದರೆ ಈ ಹುದ್ದೆಯ ಕಡೆಗೂ ಒಮ್ಮೆ ನೋಡಿ. ನನಗೆ ಸಿಕ್ಕ ಧರ್ಮಗುರುಗಳಲ್ಲಿ ಕನ್ನಡದವರು ಒಬ್ಬರೂ ಇರಲಿಲ್ಲ. ಓಡುವ ಪರೀಕ್ಷೆ ಇರುತ್ತದೆ, ಈಗಿನಿಂದಲೇ ತಯಾರಾಗಿ.

ಪಂಡಿತ್‌ಜಿ, ನೀವು ಕೊಟ್ಟಿದ್ದ ನಂಬರ್ ಈಗ ಹತ್ತುತ್ತಿಲ್ಲ. ನಿಮ್ಮ ಜೊತೆ ಇದ್ದ ತಂಬಿಗಳು (ಎಂಇಜಿ ಸೈನಿಕರನ್ನು ಹಾಗೇ ಕರೆಯೋದು) ಯಾರಾದರೂ ಇದನ್ನು ಓದಿದರೆ ಹಿಂದಿಯಲ್ಲಿ ಹೇಳಿ ಮುಟ್ಟಿಸಲಿ. ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ತಿಂಗಳಿಡೀ ಪುರಾಣ ಇರುತ್ತದೆ. ಮನೆಯವರನ್ನೂ ಕರೆದುಕೊಂಡು ಬನ್ನಿ, ಈ ಸಲ ಸಜ್ಜಕ ನಾವು ಮಾಡಿಸುತ್ತೇವೆ.