ಕಿಡ್ನಿ ಕೊಡುವ ಸರದಿ ಯಾವಾಗಲೂ ಹೆಂಡತಿಯದೇ ಯಾಕೆ?

ಮಾನ್ಯ ಸಂಪಾದಕರೇ,

ಗಂಡನಿಗೆ ಕಿಡ್ನಿ ಕೊಟ್ಟ ಹೆಂಡತಿಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ನಿಮ್ಮಲ್ಲೂ ಬಂದಿದೆ. ಜೊತೆಗೊಂದು ಫೋಟೊ, ಮೇಲೆ ‘ಆಧುನಿಕ ಸಾವಿತ್ರಿ’ ಅನ್ನುವಂಥ ಶೀರ್ಷಿಕೆ. ಓದಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಬೇರೆ. ಆ ಮನೆಯಲ್ಲಿ ಅಣ್ಣತಮ್ಮಂದಿರು ಇರಲಿಲ್ವಾ? ಅವರ ರಕ್ತವನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ರಾ? ನಾನು ನಿವೃತ್ತಿ ಆಗುವವರೆಗೂ ಕಿಡ್ನಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಕೊಟ್ಟವರ ದೊಡ್ಡ ಮನಸ್ಸಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಅವರನ್ನು ಕೇಳುವ ರೀತಿಯ ಬಗ್ಗೆ ಇದೆ.

1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ ಗಂಡಸರಿಗೆ ಸಿಕ್ಕಿದ್ದು 29 ಸಾವಿರಕ್ಕೂ ಜಾಸ್ತಿ, ಹೆಂಗಸರಿಗೆ 7 ಸಾವಿರಕ್ಕಿಂತ ಕಡಿಮೆ. ಬದುಕಿರುವಾಗಲೇ ಅಂಗ ಕೊಡುವವರ ಲೆಕ್ಕ ತೆಗೆದರೆ ಇದು ತಿರುಗುಮುರುಗು, ಹೆಚ್ಚಿನವರು ಹೆಂಗಸರೇ. ಹೆಂಗಸರಿಗೆ ಕಿಡ್ನಿ ಕಾಯಿಲೆ ಬರಲ್ಲ ಅಂತೇನಿಲ್ಲ, ಚೆನ್ನಾಗಿಯೇ ಬರುತ್ತದೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬರುವವರು ಕಡಿಮೆ ಅಷ್ಟೆ.

ಇದರಲ್ಲಿ ದೇಹದ ಪಾಲೂ ಒಂದಿಷ್ಟಿದೆ, ಅದನ್ನು ಮುಚ್ಚಿಡಬಾರದು. ಬಸಿರಿನಲ್ಲಿ ಮಗುವಿನ ಜೀವಕೋಶಗಳು ಸ್ವಲ್ಪ ಸ್ವಲ್ಪ ತಾಯಿಯ ರಕ್ತಕ್ಕೂ ಸೇರುತ್ತವೆ. ಮಗುವಿನಲ್ಲಿ ಅರ್ಧ ಅಪ್ಪನ ಗುಣ ಇರುವುದರಿಂದ ಅದನ್ನು ಹೊರಗಿನದು ಅಂತ ಗುರುತು ಹಿಡಿದು ತಾಯಿಯ ದೇಹ ಆ್ಯಂಟಿಬಾಡಿ ಮಾಡಿಟ್ಟುಕೊಳ್ಳಬಹುದು. ಮುಂದೆ ಎಂದೋ ಅವಳಿಗೇ ಕಿಡ್ನಿ ಬೇಕಾಗಿ, ಗಂಡ ಖುಷಿಯಿಂದ ಕೊಡಲು ಬಂದರೂ, ಕ್ರಾಸ್‌ಮ್ಯಾಚ್ ಪರೀಕ್ಷೆ ಪಾಸಿಟಿವ್ ಬಂದುಬಿಡಬಹುದು. ಅಂದರೆ ಆ ಕಿಡ್ನಿ ಹಾಕಿದರೆ ದೇಹ ಕೂಡಲೇ ಅದನ್ನು ಹಾಳುಮಾಡುವ ಅಪಾಯ. ಹೆಂಡತಿ ಗಂಡನಿಗೆ ಕೊಡುವಾಗ ಈ ತೊಂದರೆ ಇಲ್ಲ. ಸರಿ, ಇಷ್ಟು ಒಪ್ಪೋಣ. ಆದರೆ ಅಣ್ಣ ತಮ್ಮನಿಗೆ ಯಾಕೆ ಕೊಡಲ್ಲ, ಮಗನಿಗೆ ಕೊಡಬೇಕಾದಾಗ ಅಪ್ಪ ಹಿಂದೆ ನಿಂತು ಅಮ್ಮನನ್ನೇ ಯಾಕೆ ಮುಂದೆ ಬಿಡುತ್ತಾನೆ? ಅಲ್ಲಿ ಕೆಲಸ ಮಾಡುವುದು ಬೇರೊಂದು ಮಾತು: ‘ಅವನು ದುಡಿಯೋ ಗಂಡಸು ಸಿಸ್ಟರ್.’ ಅವಳು ಬೆಳಗಿನ ಜಾವ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮುಗಿಸಿ, ಕಳೆ ಕೀಳಲು ಹೋಗುವುದು ಯಾರ ಲೆಕ್ಕದಲ್ಲೂ ದುಡಿಮೆ ಅಲ್ಲ.

ಒಂದು ಕಿಡ್ನಿ ಕೊಟ್ಟರೆ ಏನಾಗುತ್ತದೆ ಅಂತ ಬಹಳ ಜನ ಕೇಳುತ್ತಾರೆ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಮುಷ್ಟಿ ಗಾತ್ರದ ಎರಡು ಕಿಡ್ನಿ, ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಸೋಸುವ ಘಟಕಗಳು. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ದ್ರವ ಸೋಸಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಕಳಿಸಿ, ಉಳಿದದ್ದನ್ನೆಲ್ಲ ರಕ್ತಕ್ಕೆ ವಾಪಸ್ ಕೊಡುತ್ತವೆ. ಒಂದನ್ನು ತೆಗೆದರೆ ಉಳಿದದ್ದು ಕೆಲವೇ ವಾರಗಳಲ್ಲಿ ಸ್ವಲ್ಪ ದೊಡ್ಡದಾಗಿ ಮೊದಲಿನ ಕೆಲಸದ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ನಿಭಾಯಿಸುತ್ತದೆ. ಆರೋಗ್ಯವಂತರಿಗೆ ಅಷ್ಟು ಸಾಕು. ಇನ್ನೊಂದು ನಿಯಮ ಇದೆ, ನನಗೆ ಬಹಳ ಇಷ್ಟವಾದದ್ದು. ಆಪರೇಷನ್‌ಗೆ ಮೊದಲು ಸ್ಕ್ಯಾನ್ ಮಾಡಿ ಎರಡು ಕಿಡ್ನಿಯೂ ಎಷ್ಟೆಷ್ಟು ಕೆಲಸ ಮಾಡುತ್ತಿವೆ ಅಂತ ನೋಡುತ್ತಾರೆ, ವ್ಯತ್ಯಾಸ ಇದ್ದರೆ ಚೆನ್ನಾಗಿರುವುದನ್ನು ಕೊಡುವವರಿಗೇ ಬಿಡಬೇಕು. ರೋಗಿಯ ಕಡೆಯವರು ‘ಒಳ್ಳೇದನ್ನೇ ಹಾಕಿ ಡಾಕ್ಟ್ರೇ’ ಅಂದರೂ ಆಗಲ್ಲ.

ಅಪಾಯ ಕಡಿಮೆ ಇದೆ ನಿಜ, ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ಅಮೆರಿಕದ ದೊಡ್ಡ ಲೆಕ್ಕವೊಂದರ ಪ್ರಕಾರ ಹತ್ತು ಸಾವಿರ ದಾನಿಗಳಲ್ಲಿ ಸುಮಾರು ಮೂವರು ಆಪರೇಷನ್ ಆದ ಮೂರು ತಿಂಗಳೊಳಗೆ ತೀರಿಕೊಂಡಿದ್ದಾರೆ. ಕಿಡ್ನಿ ಕೊಟ್ಟ ಮೇಲೆ ಬಸಿರಾದವರಿಗೆ ಬಿಪಿ ಏರುವ ಸಂಭವವೂ ಜಾಸ್ತಿ. ಇಪ್ಪತ್ತೈದರ ಹುಡುಗಿಗೆ ಈ ಮಾತನ್ನು ಕೂರಿಸಿ ಹೇಳುವವರು ಯಾರು? ಹೇಳುವಾಗ ಪಕ್ಕದಲ್ಲಿ ಯಾರಿರುತ್ತಾರೆ?

ಅಂಗಾಂಗ ಕಸಿ ಕಾಯ್ದೆ ಬಂದಿದ್ದು 1994ರಲ್ಲಿ, ಕಿಡ್ನಿ ಮಾರಾಟದ ದಂಧೆ ತಡೆಯಲು. ಅದರ ನಿಯಮಗಳಲ್ಲಿ ಹೆಂಗಸು ದಾನಿಯಾದರೆ ಹೆಚ್ಚು ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರನ್ನು ಬಿಟ್ಟು ಬೇರೆಯವರಿಂದ ಖಚಿತ ಮಾಡಿಕೊಳ್ಳಬೇಕು ಅಂತ ಬರೆದೇ ಇದೆ. ಬರೆದವರಿಗೆ ನಮ್ಮ ಮನೆಗಳ ಕಥೆ ಗೊತ್ತಿತ್ತು ಅನ್ಸುತ್ತೆ. ಆದರೆ ನಾನು ಕೆಲಸ ಮಾಡಿದ ಕಡೆ ಆಗುತ್ತಿದ್ದದ್ದು ಹೀಗೆ. ಮೇಜಿನ ಮೇಲೆ ಮದುವೆ ಫೋಟೊ, ಆಧಾರ್, ರೇಷನ್ ಕಾರ್ಡ್. ವಿಡಿಯೊ ಆನ್. ‘ನಿಮ್ಮ ಇಷ್ಟದಿಂದಲೇ ಕೊಡ್ತಿದ್ದೀರಾ ಅಮ್ಮ?’ ಅವಳು ಬಾಗಿಲ ಕಡೆ ನೋಡುತ್ತಾಳೆ, ಅಲ್ಲಿ ಅತ್ತೆ ನಿಂತಿರುತ್ತಾರೆ. ‘ಹೂಂ ಸಾರ್.’ ಮುಗೀತು. ಸಹಿ ಅಥವಾ ಹೆಬ್ಬೆಟ್ಟು. ದುಡ್ಡಿನ ವ್ಯವಹಾರ ನಡೆದಿದೆಯಾ ಅಂತ ಹುಡುಕುವುದರಲ್ಲಿ ಇರುವ ಆಸಕ್ತಿ, ಭಯದಿಂದ ಒಪ್ಪಿದ್ದಾಳಾ ಅಂತ ತಿಳಿಯುವುದರಲ್ಲಿ ಇರಲಿಲ್ಲ.

ಹೀಗೆ ಕೊಡಲು ಬಂದ ಒಬ್ಬಳ ಮಾತು ಇನ್ನೂ ನೆನಪಿದೆ. ದಾನಿಯ ಕಿಡ್ನಿ ಪರೀಕ್ಷೆಗೆ 24 ಗಂಟೆ ಮೂತ್ರ ಹಿಡಿಯಬೇಕಲ್ಲ, ಅದರ ಕ್ಯಾನು ಕೊಡಲು ರಾತ್ರಿ ಹೋಗಿದ್ದೆ. ಕ್ಯಾನು ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು: ‘ಸಿಸ್ಟರ್, ನಂದು ಮ್ಯಾಚ್ ಆಗಲ್ಲ ಅಂತ ರಿಪೋರ್ಟ್ ಬರಬಹುದಾ? ಇದರಲ್ಲಿ ನೀರು ಬೆರೆಸಿದ್ರೆ?’ ನಾನು ಬೆಳಗ್ಗೆ ಡಾಕ್ಟರಿಗೆ ಹೇಳಿದೆ. ಅವರು ಅವಳೊಬ್ಬಳನ್ನೇ ಕರೆದು ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದು ಮನೆಯವರಿಗೆ ಹೇಳಿದ್ದು ಇಷ್ಟೇ: ‘ಇವರು ದಾನಿಯಾಗಲು ಸೂಕ್ತ ಅಲ್ಲ, ಬೇರೆಯವರನ್ನು ನೋಡಿ.’ ಕಾರಣ ಬಿಡಿಸಿ ಹೇಳಲಿಲ್ಲ.

ಇದು ಸುಳ್ಳಲ್ವಾ ಅಂತ ನಮ್ಮ ವಾರ್ಡಿನಲ್ಲೇ ಚರ್ಚೆ ಆಯಿತು. ರೋಗಿಯ ಜೀವ ಉಳಿಸಬೇಕಾದ ಡಾಕ್ಟರು ಹೀಗೆ ಮಾಡಬಹುದಾ ಅಂತ ಒಬ್ಬರು ಕೇಳಿದರು. ನನ್ನ ಪ್ರಕಾರ ಸುಳ್ಳಲ್ಲ. ಮನಸ್ಸಿಲ್ಲದವರು ದಾನಿಯಾಗಲು ಸೂಕ್ತರಲ್ಲವೇ ಅಲ್ಲ. ಮ್ಯಾಚ್ ಆಗಿಲ್ಲ ಅಂತ ರಿಪೋರ್ಟ್ ತಿದ್ದಿದ್ದರೆ ತಪ್ಪಾಗುತ್ತಿತ್ತು, ಅದನ್ನು ಅವರು ಮಾಡಲಿಲ್ಲ. ಕಿಡ್ನಿ ಬೇಕಾಗಿದ್ದ ಆ ರೋಗಿಯ ಪಾಡು ನೋಡಿದರೂ ಸಂಕಟ ಆಗುತ್ತಿತ್ತು ಅನ್ನಿ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಮಷಿನ್ ಮುಂದೆ. ಎಷ್ಟೇ ಬಾಯಾರಿದರೂ ನೀರು ಅಳತೆ ಮಾಡಿ ಕುಡಿಯಬೇಕು. ಅವರಿಗೆ ಇಬ್ಬರು ಅಣ್ಣಂದಿರು ಇದ್ದರು. ಇಬ್ಬರೂ ವಾರ್ಡಿಗೆ ಬರುತ್ತಿದ್ದರು, ಹಣ್ಣು ತರುತ್ತಿದ್ದರು. ರಕ್ತ ಕೊಟ್ಟು ಗ್ರೂಪ್ ನೋಡಿಸಿಕೊಳ್ಳಿ ಅಂದರೆ ಮುಂದಿನ ವಾರ ಅನ್ನುತ್ತಿದ್ದರು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಅಂಗಾಂಗ ಕಸಿ ಸಂಸ್ಥೆ ನೊಟ್ಟೊ, ಕಾಯುವ ಪಟ್ಟಿಯಲ್ಲಿರುವ ಮಹಿಳೆಯರಿಗೆ ಆದ್ಯತೆ ಕೊಡಿ ಅಂತ ರಾಜ್ಯಗಳಿಗೆ ಸಲಹೆ ಕಳಿಸಿತು. ಒಳ್ಳೆಯದೇ. ಆದರೆ ಅದು ಸತ್ತವರಿಂದ ಸಿಗುವ ಅಂಗಗಳ ಮಾತು. ನಮ್ಮಲ್ಲಿ ಕಿಡ್ನಿ ಕಸಿಯಲ್ಲಿ ಹೆಚ್ಚಿನವು ಬದುಕಿರುವವರು ಕೊಟ್ಟವೇ. ಅಡುಗೆಮನೆಯಲ್ಲಿ ತೀರ್ಮಾನ ಆಗುವ ಈ ವಿಷಯವನ್ನು ದೆಹಲಿಯ ಸುತ್ತೋಲೆ ಮುಟ್ಟುವುದಿಲ್ಲ.

ಹಾಗಾದರೆ ಆಸ್ಪತ್ರೆಗಳು ಏನು ಮಾಡಬೇಕು? ಮೊದಲನೇ ದಿನವೇ ಮನೆಯಲ್ಲಿ ಕೊಡಬಹುದಾದ ವಯಸ್ಕರನ್ನೆಲ್ಲ, ಗಂಡಸರನ್ನೂ ಸೇರಿಸಿ, ಕರೆಸಿ ಒಟ್ಟಿಗೆ ರಕ್ತ ಪರೀಕ್ಷೆ ಮಾಡಿಸಲಿ. ದಾನಿಯ ಜೊತೆ ಮುಚ್ಚಿದ ಕೋಣೆಯಲ್ಲಿ, ಅವಳ ಭಾಷೆಯಲ್ಲಿ, ರೋಗಿಯನ್ನು ನೋಡುವ ಡಾಕ್ಟರನ್ನು ಬಿಟ್ಟು ಬೇರೆಯವರು ಮಾತಾಡಲಿ. ಕೊನೇ ಗಳಿಗೆಯಲ್ಲೂ ಬೇಡ ಅನ್ನಬಹುದು ಅಂತ ಬಾಯಿಬಿಟ್ಟು ಹೇಳಲಿ. ಗ್ರೂಪ್ ಹೊಂದದೆ ಹೋದರೆ ಎರಡು ಕುಟುಂಬಗಳು ಅದಲುಬದಲು ಮಾಡಿಕೊಳ್ಳುವ ಸ್ವಾಪ್‌ಗೆ 2011ರ ತಿದ್ದುಪಡಿಯಲ್ಲೇ ಅವಕಾಶ ಇದೆ, ಅದರ ಬಗ್ಗೆ ಹಳ್ಳಿ ಕಡೆಯಿಂದ ಬರುವವರಿಗೆ ಗೊತ್ತೇ ಇರುವುದಿಲ್ಲ. ಜೊತೆಗೆ ರೋಗಿಯ ಹೆಸರನ್ನು ಸತ್ತವರ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಕಾಯುವ ಪಟ್ಟಿಗೂ ಸೇರಿಸಲಿ. ಹೆಂಡತಿ ಹೇಗಿದ್ದರೂ ಇದ್ದಾಳಲ್ಲ ಅಂತ ಎಷ್ಟೋ ಜನ ಅದನ್ನು ಮಾಡಿಸುವುದೇ ಇಲ್ಲ.

ಇನ್ನು ನಿಮ್ಮ ವರದಿಗಾರರಿಗೆ ಒಂದು ಮಾತು. ಮುಂದಿನ ಸಲ ಇಂಥ ಸುದ್ದಿಗೆ ಹೋದಾಗ ಬೇರೆ ಯಾರ್ಯಾರು ಪರೀಕ್ಷೆ ಮಾಡಿಸಿಕೊಂಡಿದ್ದರು ಅಂತ ಕೇಳಲಿ. ಒಂದು ವರ್ಷ ಬಿಟ್ಟು ಅದೇ ಮನೆಗೆ ಮತ್ತೆ ಹೋಗಲಿ. ಗಂಡನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತ ಪರೀಕ್ಷೆಯ ಅಂಕಿ) ಎಷ್ಟು ಅಂತ ಮನೆಯವರಿಗೆಲ್ಲ ಬಾಯಿಪಾಠ ಇರುತ್ತದೆ, ತಿಂಗಳು ತಿಂಗಳು ಫೈಲ್ ಹಿಡಿದು ಬರುತ್ತಾರಲ್ಲ. ಹೆಂಡತಿಯದು ಎಷ್ಟು ಅಂತ ಕೇಳಿ ನೋಡಿ. ದಾನಿಗೆ ಜೀವನಪೂರ್ತಿ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಬೇಕು. ಸಣ್ಣ ಲ್ಯಾಬಿನಲ್ಲೂ ಆಗುವ ಕೆಲಸ. ಕಸಿ ಮಾಡಿದ ಆಸ್ಪತ್ರೆಯೇ ಅದನ್ನು ಬಿಟ್ಟಿ ಮಾಡಿಕೊಡಬೇಕು, ಗಂಡನ ಫೈಲ್ ಜೊತೆಗೆ ಅವಳದ್ದೂ ಒಂದು ಫೈಲ್ ಇರಬೇಕು.

— ನಿವೃತ್ತ ಸ್ಟಾಫ್ ನರ್ಸ್, ಮೈಸೂರು